ಟಿಕ್ ಹಾಕೋ ಪ್ರಶ್ನೆಗೆ ಯಾವ ರೂಲ್ ಹಾಕೋದು? ಗೂಗಲ್ ಫಾರ್ಮ್ಸ್, ಮೈಕ್ರೋಸಾಫ್ಟ್ ಫಾರ್ಮ್ಸ್, ಕೋಬೋ ಮೂರನ್ನೂ ಬಳಸಿ ನೋಡಿದ್ಮೇಲೆ

ಶಿರಸಿ ಸುತ್ತಮುತ್ತಲ ಅಡಿಕೆ ತೋಟದವರಿಗೆ ಅಂತ ಒಂದ್ಸಲ ಸರ್ವೆ ಫಾರ್ಮ್ ಮಾಡಿದ್ದೆ. ಅದ್ರಲ್ಲಿ ‘ನಿಮ್ಮ ತೋಟದ ಮೂರು ಮುಖ್ಯ ತೊಂದರೆ ಯಾವುದು’ ಅಂತ ಒಂದು ಪ್ರಶ್ನೆ, ಕೆಳಗೆ ಕೊಳೆರೋಗ, ಎಲೆಚುಕ್ಕಿ ರೋಗ, ಬೇರುಹುಳ, ಮಂಗನ ಕಾಟ, ಕೆಲಸಕ್ಕೆ ಆಳು ಸಿಗದೇ ಇರೋದು, ದರದ ಏರಿಳಿತ, ಬೇಸಿಗೆಯ ನೀರು ಅಂತ ಏಳು ಆಯ್ಕೆ. ಮೂರು ಅಂತ ಕೇಳಿದೀನಲ್ಲ, ಮೂರೇ ಬರ್ಲಿ ಅಂತ ರೂಲೂ ಹಾಕಿಟ್ಟೆ, ಎರಡು ಒತ್ತಿದ್ರೂ ಮುಂದೆ ಹೋಗಲ್ಲ ನಾಲ್ಕು ಒತ್ತಿದ್ರೂ ಹೋಗಲ್ಲ. ಒಬ್ರು ಹಿರಿಯರು, ಸಂಕ, ಅಂದ್ರೆ ಹಳ್ಳದ ಮೇಲಿನ ಕಾಲುಸೇತುವೆ, ದಾಟಿ ಹೋಗೋ ಮನೆ ಅವ್ರದ್ದು, ನನ್ನೆದುರಿಗೇ ಜಗಲಿ ಮೇಲೆ ಫೋನ್ ಹಿಡ್ಕೊಂಡು ಕೂತು ಎರಡು ಟಿಕ್ ಹಾಕಿ ಸುಮ್ನಾದ್ರು. "ನಂಗೆ ತೊಂದ್ರೆ ಎರಡೇಯ ತಂಗಿ, ಮೂರನೇದು ಎಂತ ಒತ್ಲಿ? ಮುಂದೆ ಹೋಗ್ತಿಲ್ಲೆ ಇದು" ಅಂದ್ರು. ನಾನು ಬಾಯಿ ಬಿಡೋದ್ರೊಳಗೆ ಮಂಗನ ಕಾಟ ಒತ್ತಿ ಮುಂದಿನ ಪ್ರಶ್ನೆಗೆ ಹೋಗಿದ್ರು. ಅವ್ರ ತೋಟಕ್ಕೆ ಮಂಗ ಬರೋದು ಅಪರೂಪ ಅಂತ ಆಮೇಲೆ ಚಾ ಕುಡೀತಾ ಅವ್ರೇ ಹೇಳಿದ್ರು.

ಆ ಸರ್ವೆಯ ಉತ್ತರಗಳ ಶೀಟ್ ಈಗ್ಲೂ ನನ್ನತ್ರ ಇದೆ. ಅದ್ರಲ್ಲಿರೋ ಮೂರನೇ ಟಿಕ್‌ಗಳಲ್ಲಿ ಯಾವುದು ನಿಜವಾದ ತೊಂದರೆ, ಯಾವುದು ಮುಂದೆ ಹೋಗೋಕೆ ಒತ್ತಿದ್ದು ಅಂತ ಯಾವ ಫಾರ್ಮುಲಾ ಹಾಕಿದ್ರೂ ಬೇರೆ ಮಾಡೋಕಾಗಲ್ಲ. ಖಾಲಿ ಬಿಟ್ಟಿದ್ರೆ ಖಾಲಿ ಅಂತಾದ್ರೂ ಗೊತ್ತಾಗ್ತಿತ್ತು. ಅವತ್ತಿಂದ ಪ್ರತಿ ರೂಲ್ ಹಾಕುವಾಗ್ಲೂ ನಾನು ಕೇಳ್ಕೊಳ್ಳೋ ಪ್ರಶ್ನೆ ಒಂದೇ, ಇದು ತಪ್ಪು ಉತ್ತರವನ್ನ ಹಿಡಿಯತ್ತಾ, ಇಲ್ಲಾ ತಪ್ಪು ಉತ್ತರವನ್ನ ಇದೇ ಹುಟ್ಟಿಸತ್ತಾ. ಸಂಘ ಸಂಸ್ಥೆಯವ್ರು, ಕಾಲೇಜಿನ ಪ್ರಾಜೆಕ್ಟ್ ಮಾಡೋ ಮಕ್ಳು, ಪಂಚಾಯ್ತಿ ಮಟ್ಟದಲ್ಲಿ ಮಾಹಿತಿ ಕಲೆಹಾಕೋರು ಯಾವ ಆ್ಯಪ್ ಒಳ್ಳೇದು ಅಂತ ಆಗಾಗ ಕೇಳ್ತಿರ್ತಾರೆ, ಅವ್ರಿಗೆ ಹೇಳೋದನ್ನೆಲ್ಲ ಇಲ್ಲಿ ಒಟ್ಟಿಗೆ ಬರೀತಿದೀನಿ.

ಮೊದ್ಲು ನೋಡ್ಬೇಕಾದ್ದು ಫೋನ್ ಯಾರ ಕೈಲಿರತ್ತೆ ಅಂತ

ಆ್ಯಪ್ ಹೆಸರು ಆಮೇಲೆ. ಲಿಂಕನ್ನ ವಾಟ್ಸಾಪ್‌ನಲ್ಲಿ ಕಳಿಸಿ ಜನ ತಾವೇ ತುಂಬೋದಾದ್ರೆ ಅದು ಒಂದು ಥರ, ನಿಮ್ಮ ಕಾರ್ಯಕರ್ತರು ಮನೆಮನೆಗೆ ಹೋಗಿ ಕೇಳಿ ಕೇಳಿ ತುಂಬೋದಾದ್ರೆ ಅದು ಪೂರ್ತಿ ಬೇರೆ. ತಾನೇ ತುಂಬೋ ಮನುಷ್ಯನಿಗೆ ಕೆಂಪಕ್ಷರದ ಎರರ್ ಎರಡು ಸಲ ಬಂತು ಅಂದ್ರೆ ಫಾರ್ಮ್ ಮುಚ್ಚಿಟ್ಟು ಎದ್ದೋಗ್ತಾನೆ, ಇಲ್ಲಾ ಆ ಹಿರಿಯರ ಹಾಗೆ ಏನೋ ಒಂದು ಒತ್ತಿ ಮುಗಿಸ್ತಾನೆ. ಮನೆಗೆ ಹೋಗೋ ಕಾರ್ಯಕರ್ತೆಗಾದ್ರೆ ಎರರ್ ಬಂದಾಗ ತಿರುಗಿ ಕೇಳೋ ಅವಕಾಶ ಇದೆ, ಅಕ್ಕಾ ನೀವು ಎಮ್ಮೆ ಇಲ್ಲ ಅಂದ್ರಿ ಆದ್ರೆ ಹಾಲು ಡೇರಿಗೆ ಹಾಕ್ತೀವಿ ಅಂದ್ರಲ್ಲ ಅಂತ. ಅದಕ್ಕೇ ಮನೆಗೆ ಹೋಗಿ ಮಾಡೋ ಸರ್ವೆಗೆ ಬಿಗಿ ರೂಲ್ ಹಾಕ್ಬಹುದು, ಲಿಂಕ್ ಕಳಿಸೋದಕ್ಕೆ ಸಡಿಲ ಇಟ್ಟಷ್ಟೂ ಒಳ್ಳೇದು.

ಎರಡನೇದು ನೆಟ್‌ವರ್ಕ್. ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಇದನ್ನ ಮರೆತ್ರೆ ಆಗೋದೇ ಇಲ್ಲ. ಕಾರವಾರ, ಕುಮಟಾ ಪೇಟೇಲಿ ಕೂತು ಮಾಡಿದ ಫಾರ್ಮ್ ಜೋಯಿಡಾದ ಒಳ ಊರುಗಳಿಗೆ ಹೋದ್ರೆ ತೆರ್ಕೊಳ್ಳೋದೇ ಇಲ್ಲ, ಸಿದ್ದಾಪುರ ಯಲ್ಲಾಪುರದ ಕಾಡಂಚಿನ ಮನೆಗಳಲ್ಲೂ ಅದೇ ಕತೆ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರೂ ಹೋಗತ್ತೆ. ಗೂಗಲ್ ಫಾರ್ಮ್ಸ್, ಮೈಕ್ರೋಸಾಫ್ಟ್ ಫಾರ್ಮ್ಸ್ ಲಿಂಕ್ ಎರಡನ್ನೂ ನೆಟ್ ಇರೋ ಕಡೆಗೆ ಇಟ್ಕೊಳ್ಳಿ. ಕೋಬೋ ಅಂದ್ರೆ ಕೋಬೋಟೂಲ್‌ಬಾಕ್ಸ್, ಸರ್ವೆ ಫಾರ್ಮ್ ಮಾಡೋ ಇನ್ನೊಂದು ಸಾಧನ, ಅದ್ರದ್ದು ಕೋಬೋಕಲೆಕ್ಟ್ ಅಂತ ಆಂಡ್ರಾಯ್ಡ್ ಆ್ಯಪ್ ಇದೆ, ಅದು ಓಡಿಕೆ ಕಲೆಕ್ಟ್ ಅನ್ನೋ ಆ್ಯಪ್ ಮೇಲೇ ಕಟ್ಟಿದ್ದು, ಪೇಟೇಲಿದ್ದಾಗ ಫಾರ್ಮ್ ಡೌನ್‌ಲೋಡ್ ಮಾಡ್ಕೊಂಡು ಹೋದ್ರೆ ನೆಟ್ ಇಲ್ಲದ ಊರಲ್ಲೂ ತುಂಬಬಹುದು, ರೂಲ್‌ಗಳು ಫೋನ್ ಒಳಗೇ ಕೆಲಸ ಮಾಡ್ತವೆ, ವಾಪಸ್ ಸಿಗ್ನಲ್ ಸಿಕ್ಕಲ್ಲಿ ಕಳಿಸಿದ್ರಾಯ್ತು. ಇದೊಂದೇ ಕಾರಣಕ್ಕೆ ಘಟ್ಟದ ಮೇಲಿನ ಮನೆಮನೆ ಸರ್ವೆಗೆ ನಾನು ಕೋಬೋ ಬಿಟ್ಟು ಬೇರೆ ಯೋಚನೆ ಮಾಡಲ್ಲ.

ಒಂದೇ ಉತ್ತರಾನಾ, ಹಲವಾ

ಇಲ್ಲಿ ಹೆಸರಲ್ಲೇ ಗೊಂದಲ ಇದೆ, ಹೊಸಬರು ತುಂಬಾ ಜನ ಬೀಳೋದು ಇದ್ರಲ್ಲೇ. ಗೂಗಲ್ ಫಾರ್ಮ್ಸ್‌ನಲ್ಲಿ ‘ಮಲ್ಟಿಪಲ್ ಚಾಯ್ಸ್’ ಅಂದ್ರೆ ದುಂಡನೆ ಬಟನ್, ಒಂದೇ ಒಂದು ಉತ್ತರ. ಹಲವು ಉತ್ತರ ಬೇಕಂದ್ರೆ ‘ಚೆಕ್‌ಬಾಕ್ಸ್’ ತಗೋಬೇಕು. ಅದೇ ಲೈಮ್‌ಸರ್ವೆ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ‘ಮಲ್ಟಿಪಲ್ ಚಾಯ್ಸ್’ ಅಂದ್ರೆ ಹಲವು ಉತ್ತರ. ಮೈಕ್ರೋಸಾಫ್ಟ್‌ನಲ್ಲಿ ‘ಚಾಯ್ಸ್’ ಒಂದೇ ಇರೋದು, ಅದ್ರಲ್ಲಿ ‘ಮಲ್ಟಿಪಲ್ ಆನ್ಸರ್ಸ್’ ಸ್ವಿಚ್ ಹಾಕಿದ್ರೆ ಹಲವು. ಕೋಬೋದಲ್ಲಿ ‘ಸೆಲೆಕ್ಟ್ ಒನ್’, ‘ಸೆಲೆಕ್ಟ್ ಮೆನಿ’ ಅಂತ ನೇರಾನೇರ ಇದೆ.

ದುಂಡು ಬಟನ್ ಇಡೋದೇ ಒಂದು ರೂಲ್ ಇದ್ದ ಹಾಗೆ, ಒಂದಕ್ಕಿಂತ ಹೆಚ್ಚು ಹೇಳ್ಬೇಡಿ ಅಂತ. ಮನೇಲಿ ಯಾವ ಭಾಷೆ ಮಾತಾಡ್ತೀರಿ ಅನ್ನೋದಕ್ಕೆ ದುಂಡು ಬಟನ್ ಇಟ್ಟ ಫಾರ್ಮ್ ನೋಡಿದ್ದೆ, ಅದೂ ಕಾರವಾರ ತಾಲೂಕಿಗೆ. ಅಜ್ಜಿ ಹತ್ರ ಕೊಂಕಣಿ, ಮಕ್ಕಳ ಹತ್ರ ಕನ್ನಡ, ಸೊಸೆ ಬೆಳಗಾವಿ ಕಡೆಯವಳಾದ್ರೆ ಮರಾಠಿ, ಇಂಥ ಮನೆ ಕರಾವಳೀಲಿ ಎಷ್ಟಿಲ್ಲ? ಅವ್ರಿಗೆ ಒಂದನ್ನೇ ಆರಿಸಿ ಅಂದ್ರೆ ಎರಡು ಭಾಷೆ ಲೆಕ್ಕದಿಂದಲೇ ಮಾಯ. ಇಂಥದ್ದಕ್ಕೆ ಚೆಕ್‌ಬಾಕ್ಸ್ ಇಡಿ, ಮಿತಿ ಹಾಕ್ಲೇಬೇಡಿ. ‘ಹೆಚ್ಚಾಗಿ ಮಾತಾಡೋದು ಯಾವುದು’ ಅಂತ ಇನ್ನೊಂದು ಪ್ರಶ್ನೆ ಕೆಳಗೆ ದುಂಡು ಬಟನ್‌ನಲ್ಲಿ ಕೇಳಿದ್ರೆ ಎರಡೂ ಸಿಗತ್ತೆ.

ಡ್ರಾಪ್‌ಡೌನ್, ಅಂದ್ರೆ ಒತ್ತಿದ್ರೆ ಕೆಳಗೆ ಬಿಚ್ಚಿಕೊಳ್ಳೋ ಪಟ್ಟಿ, ಅದ್ರ ಬಗ್ಗೆ ಹೆಚ್ಚು ಹೇಳೋದಿಲ್ಲ, ಪಟ್ಟಿ ಉದ್ದ ಇದ್ದು ಉತ್ತರ ಜನಕ್ಕೆ ಮೊದ್ಲೇ ಗೊತ್ತಿದ್ರೆ ಮಾತ್ರ ಒಳ್ಳೇದು, ತಾಲೂಕಿನ ಹೆಸರು ಇದ್ದಂಗೆ. ಗೂಗಲ್‌ನಲ್ಲಿ ಡ್ರಾಪ್‌ಡೌನ್‌ಗೆ ‘ಇತರೆ’ ಅಂತ ಬರೆಯೋ ಜಾಗ ಇರಲ್ಲ ಅನ್ನೋದು ನೆನಪಿರ್ಲಿ. ತಾಲೂಕು ಆರಿಸಿದ್ಮೇಲೆ ಆ ತಾಲೂಕಿನ ಊರು ಮಾತ್ರ ತೋರಿಸ್ಬೇಕು ಅಂದ್ರೆ ಗೂಗಲ್‌ನಲ್ಲಿ ನಮ್ಮ 12 ತಾಲೂಕಿಗೆ 12 ಸೆಕ್ಷನ್, ಅಂದ್ರೆ ಫಾರ್ಮ್‌ನ ಬೇರೆ ಬೇರೆ ಭಾಗ, ಮಾಡ್ಕೊಂಡು ಕೂರ್ಬೇಕು, ಕೋಬೋದಲ್ಲಿ ಫಾರ್ಮನ್ನ ಎಕ್ಸೆಲ್‌ನಲ್ಲೇ ಬರೆದು ಹಾಕ್ಬಹುದು, ಆ ಶೀಟ್‌ನಲ್ಲಿ ‘ಚಾಯ್ಸ್ ಫಿಲ್ಟರ್’ ಅಂತ ಒಂದು ಕಾಲಮ್ ಇದೆ, ಅದ್ರಲ್ಲಿ ಒಂದೇ ಸಾಲು ಸಾಕು. ಅಂಕೋಲಾ ಒತ್ತಿದೋರಿಗೆ ಭಟ್ಕಳದ ಊರು ಕಾಣೋದೇ ಇಲ್ಲ, ತಪ್ಪು ಮಾಡೋ ಜಾಗವೇ ಇರಲ್ಲ, ಎರರ್ ತೋರಿಸೋದಕ್ಕಿಂತ ಇದು ಎಷ್ಟೋ ಮೇಲು.

ಕನಿಷ್ಠ ಇಷ್ಟು, ಹೆಚ್ಚೆಂದ್ರೆ ಇಷ್ಟು, ಇಷ್ಟೇ

ಗೂಗಲ್ ಫಾರ್ಮ್ಸ್‌ನಲ್ಲಿ ಚೆಕ್‌ಬಾಕ್ಸ್ ಪ್ರಶ್ನೆಯ ಕೆಳಗಡೆ ಬಲಕ್ಕಿರೋ ಮೂರು ಚುಕ್ಕಿ ಒತ್ತಿದ್ರೆ ‘ರೆಸ್ಪಾನ್ಸ್ ವ್ಯಾಲಿಡೇಶನ್’, ಅಂದ್ರೆ ಉತ್ತರ ಪರೀಕ್ಷೆ ಮಾಡೋ ರೂಲ್, ಸಿಗತ್ತೆ. ಅದ್ರಲ್ಲಿ ಮೂರು ಥರ, ಕನಿಷ್ಠ ಇಷ್ಟು ಆರಿಸ್ಬೇಕು, ಹೆಚ್ಚೆಂದ್ರೆ ಇಷ್ಟು, ಸರಿಯಾಗಿ ಇಷ್ಟೇ. ಪಕ್ಕದಲ್ಲಿ ನಮ್ಮದೇ ಎರರ್ ಮಾತು ಬರೆಯೋ ಜಾಗ. ದುಂಡು ಬಟನ್‌ಗೆ ಈ ವ್ಯಾಲಿಡೇಶನ್ ಇರಲ್ಲ, ಅಲ್ಲಿ ಇರೋದು ರಿಕ್ವೈರ್ಡ್ (ಉತ್ತರ ಕೊಡದೇ ಮುಂದೆ ಹೋಗೋಕಾಗಲ್ಲ ಅನ್ನೋದು) ಮತ್ತೆ ಉತ್ತರ ನೋಡಿ ಯಾವ ಸೆಕ್ಷನ್‌ಗೆ ಕಳಿಸ್ಬೇಕು ಅನ್ನೋದು ಅಷ್ಟೇ. ಮೈಕ್ರೋಸಾಫ್ಟ್‌ನಲ್ಲಿ ಹಲವು ಉತ್ತರಕ್ಕೆ ಮಿತಿ ಹಾಕೋಕೆ ‘ಇಷ್ಟೇ’ ಮತ್ತೆ ‘ಹೆಚ್ಚೆಂದ್ರೆ ಇಷ್ಟು’ ಸಿಗತ್ತೆ. ಕೋಬೋದಲ್ಲಿ ‘ಕನ್‌ಸ್ಟ್ರೇಂಟ್’ (ಉತ್ತರಕ್ಕೆ ಹಾಕೋ ಷರತ್ತು) ಅನ್ನೋ ಕಾಲಮ್‌ನಲ್ಲಿ ನಾವೇ ಬರೆಯೋದು: ಎಷ್ಟು ಟಿಕ್ ಬಿದ್ದಿದೆ ಅಂತ ಎಣಿಸೋ ಕೌಂಟ್-ಸೆಲೆಕ್ಟೆಡ್ ಅನ್ನೋ ಫಂಕ್ಷನ್, ಅದ್ರ ಬ್ರಾಕೆಟ್ ಒಳಗೆ ಒಂದು ಚುಕ್ಕಿ, ಆಮೇಲೆ ಮೂರಕ್ಕಿಂತ ಕಮ್ಮಿ ಅಥವಾ ಸಮ ಅನ್ನೋ ಚಿಹ್ನೆ. ಚುಕ್ಕಿ ಅಂದ್ರೆ ‘ಈ ಪ್ರಶ್ನೆಗೇ ಈಗ ಕೊಟ್ಟ ಉತ್ತರ’ ಅಂತ ಅರ್ಥ. ಇವನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡ್ಬೇಕು, ದೊಡ್ಡಕ್ಷರ ಬಿದ್ರೆ ಒಪ್ಪಲ್ಲ. ಎಕ್ಸೆಲ್ ಬೇಡ, ವೆಬ್‌ನಲ್ಲೇ ಫಾರ್ಮ್ ಕಟ್ತೀನಿ ಅನ್ನೋರು ಪ್ರಶ್ನೆಯ ಸೆಟ್ಟಿಂಗ್ಸ್‌ನಲ್ಲಿ ‘ವ್ಯಾಲಿಡೇಶನ್ ಕ್ರೈಟೀರಿಯಾ’ಕ್ಕೆ ಹೋಗಿ ಕೈಯಾರೆ ಬರೆಯೋ ಆಯ್ಕೆ ತಗೊಂಡು ಇದೇ ಸಾಲನ್ನ ಹಾಕ್ಬಹುದು.

ಮೂರರಲ್ಲಿ ಯಾವುದು ಹಾಕೋದು ಅಂದ್ರೆ ನನ್ನ ಓಟು ಯಾವಾಗ್ಲೂ ‘ಹೆಚ್ಚೆಂದ್ರೆ’ಗೆ. ಮೇಲಿನ ಅಡಿಕೆ ಪ್ರಶ್ನೆಗೆ ‘ಹೆಚ್ಚೆಂದ್ರೆ ಮೂರು’ ಅಂತ ಇಟ್ಟಿದ್ರೆ ಎರಡೇ ತೊಂದರೆ ಇರೋರು ಎರಡು ಒತ್ತಿ ಹೋಗ್ತಿದ್ರು, ಏಳೂ ಒತ್ತೋ ಅಭ್ಯಾಸದವ್ರು ನಿಂತು ಯೋಚಿಸ್ತಿದ್ರು, ನಮಗೆ ಬೇಕಾಗಿದ್ದೂ ಅದೇ. ‘ಸರಿಯಾಗಿ ಇಷ್ಟೇ’ ಅನ್ನೋದು ಮತ ಹಾಕೋ ಥರದ್ದಕ್ಕೆ ಸರಿ, ಸಂಘದ ಕಮಿಟಿಗೆ ಐದು ಜನರನ್ನ ಆರಿಸಿ ಅನ್ನೋ ಕಡೆ, ಅಲ್ಲಿ ಲೆಕ್ಕವೇ ಮುಖ್ಯ. ‘ಕನಿಷ್ಠ’ ರೂಲ್ ನಂಗೆ ಉಪಯೋಗಕ್ಕೆ ಬಂದಿದ್ದು ತೀರಾ ಕಮ್ಮಿ. ಕನಿಷ್ಠ ಒಂದು ಅಂತ ಹಾಕೋದು ರಿಕ್ವೈರ್ಡ್ ಹಾಕಿದ್ರೆ ತಾನೇ ಆಗತ್ತೆ, ಕನಿಷ್ಠ ಎರಡು ಅಂದ್ರೆ ಒಂದೇ ಇರೋರಿಗೆ ಸುಳ್ಳು ಹೇಳಿಸಿದಂಗೆ.

ಇನ್ನೊಂದು ವಿಷಯ ಇದೆ, ಸುಮಾರು ಜನಕ್ಕೆ ಇದು ಗೊತ್ತಿರಲ್ಲ. ಕನ್‌ಸ್ಟ್ರೇಂಟ್ ಬೇರೆ, ರಿಕ್ವೈರ್ಡ್ ಬೇರೆ. ಕೋಬೋ, ಓಡಿಕೆ ಎರಡರಲ್ಲೂ ಪ್ರಶ್ನೆಯನ್ನ ಖಾಲಿ ಬಿಟ್ರೆ ಕನ್‌ಸ್ಟ್ರೇಂಟ್ ಪರೀಕ್ಷೆಯೇ ಆಗಲ್ಲ, ನೀವು ಎಷ್ಟೇ ಬಿಗಿ ಸಾಲು ಬರೆದಿದ್ರೂ ಖಾಲಿ ಉತ್ತರ ಸಲೀಸಾಗಿ ದಾಟಿ ಹೋಗತ್ತೆ. ಖಾಲಿ ಬರಬಾರದು ಅಂದ್ರೆ ‘ರಿಕ್ವೈರ್ಡ್’ ಕಾಲಮ್‌ನಲ್ಲಿ ಯೆಸ್ ಅಂತ ಬೇರೆಯಾಗೇ ಹಾಕ್ಬೇಕು. ಆದ್ರೆ ರಿಕ್ವೈರ್ಡ್ ಹಾಕಿದ ಪ್ರತಿ ಪ್ರಶ್ನೆಗೂ ‘ಗೊತ್ತಿಲ್ಲ’ ಅಥವಾ ‘ಹೇಳೋಕೆ ಇಷ್ಟ ಇಲ್ಲ’ ಅಂತ ಒಂದು ಬಾಗಿಲು ಇಡಿ ದಯವಿಟ್ಟು. ಸಾಲ ಎಷ್ಟಿದೆ, ಅತಿಕ್ರಮಣ ಜಮೀನು ಇದೆಯಾ ಅಂತೆಲ್ಲ ಕೇಳೋ ಫಾರ್ಮ್‌ನಲ್ಲಿ ಆ ಬಾಗಿಲು ಇಲ್ಲದೇ ಹೋದ್ರೆ ಜನ ಇಲ್ಲ ಅಂತ ಒತ್ತಿ ಹೋಗ್ತಾರೆ, ಆ ‘ಇಲ್ಲ’ವನ್ನ ನಂಬಿ ನೀವು ವರದಿ ಬರೀತೀರಿ.

‘ಯಾವುದೂ ಇಲ್ಲ’ ಅನ್ನೋ ಆಯ್ಕೆ

ಆ್ಯಪ್ ಆರಿಸೋಕೆ ಒಂದೇ ಒಂದು ಪರೀಕ್ಷೆ ಹೇಳು ಅಂದ್ರೆ ನಾನು ಇದನ್ನೇ ಹೇಳ್ತೀನಿ. ಹಿಂದಿನ ವಾರ ಯಾವ ಮೀನು ಸಿಕ್ತು ಅಂತ ಕೇಳಿ ಬಾಂಗ್ಡೆ, ತಾರ್ಲೆ, ಸಿಗಡಿ, ಇಸ್ವಾಣ, ಕೊನೆಗೆ ‘ಯಾವುದೂ ಇಲ್ಲ’ ಅಂತ ಚೆಕ್‌ಬಾಕ್ಸ್ ಇಟ್ರಿ ಅನ್ನಿ. ಯಾರೋ ಬಾಂಗ್ಡೆನೂ ಒತ್ತಿ ಯಾವುದೂ ಇಲ್ಲ ಅನ್ನೋದನ್ನೂ ಒತ್ತಿರ್ತಾರೆ, ಬೆರಳು ತಾಗಿ ಆಗಿರ್ಬಹುದು, ಬೇರೆ ಯಾವುದೂ ಇಲ್ಲ ಅಂತ ಅರ್ಥ ಮಾಡ್ಕೊಂಡಿರ್ಬಹುದು. ಗೂಗಲ್ ಫಾರ್ಮ್ಸ್ ಇದನ್ನ ಹಿಡಿಯಲ್ಲ, ಅದು ಟಿಕ್ ಎಷ್ಟು ಅಂತ ಎಣಿಸತ್ತೆ ಹೊರತು ಯಾವುದರ ಜೊತೆ ಯಾವುದು ಅಂತ ನೋಡಲ್ಲ. ಕೋಬೋದಲ್ಲಿ ಹಿಡೀಬಹುದು: ‘ಯಾವುದೂ ಇಲ್ಲ’ ಸೆಲೆಕ್ಟೆಡ್ ಆಗಿದ್ದು, ಅದ್ರ ಜೊತೆಗೆ ಕೌಂಟ್-ಸೆಲೆಕ್ಟೆಡ್ ಒಂದಕ್ಕಿಂತ ಹೆಚ್ಚಿದ್ರೆ ಬೇಡ ಅಂತ, ‘ಅಲ್ಲ’ ಅನ್ನೋ ಅರ್ಥದ ನಾಟ್ ಹಾಕಿ ಒಂದೇ ಸಾಲಲ್ಲಿ ಬರೆದ್ರೆ ಆಯ್ತು. ಲೈಮ್‌ಸರ್ವೆಯಲ್ಲಿ ಇದಕ್ಕೆ ಸೂತ್ರವೂ ಬೇಡ, ಎಕ್ಸ್‌ಕ್ಲೂಸಿವ್ ಆಯ್ಕೆ, ಅಂದ್ರೆ ಬೇರೆ ಯಾವುದರ ಜೊತೆಗೂ ಒತ್ತೋಕಾಗದ್ದು, ಯಾವುದು ಅಂತ ಸೆಟ್ಟಿಂಗ್‌ನಲ್ಲೇ ಕೊಡ್ಬಹುದು.

ಗೂಗಲ್‌ನಲ್ಲೇ ಮಾಡ್ಬೇಕು ಅನ್ನೋರಿಗೆ ದಾರಿ ಇದೆ, ಪ್ರಶ್ನೆಯನ್ನ ಎರಡು ಮಾಡೋದು. ಮೊದ್ಲು ದುಂಡು ಬಟನ್‌ನಲ್ಲಿ ‘ಹಿಂದಿನ ವಾರ ಮೀನು ಸಿಕ್ತಾ’, ಹೌದು ಅಂದ್ರೆ ಮೀನಿನ ಪಟ್ಟಿ ಇರೋ ಸೆಕ್ಷನ್‌ಗೆ, ಇಲ್ಲ ಅಂದ್ರೆ ಅದನ್ನ ಹಾರಿಸಿ ಮುಂದಕ್ಕೆ. ಈ ಸೆಕ್ಷನ್ ಹಾರಿಸೋದು ದುಂಡು ಬಟನ್ ಮತ್ತೆ ಡ್ರಾಪ್‌ಡೌನ್‌ಗೆ ಮಾತ್ರ ಸಿಗತ್ತೆ, ಚೆಕ್‌ಬಾಕ್ಸ್ ಉತ್ತರ ನೋಡಿ ಹಾರಿಸೋಕಾಗಲ್ಲ. ಕೋಬೋದಲ್ಲಿ ಈ ಪ್ರಶ್ನೆಯನ್ನ ಯಾವಾಗ ತೋರಿಸ್ಬೇಕು ಅಂತ ಬರೆಯೋ ‘ರೆಲವೆಂಟ್’ ಕಾಲಮ್ ಇರೋದ್ರಿಂದ ಚೆಕ್‌ಬಾಕ್ಸ್‌ನಲ್ಲಿ ಕಾಳುಮೆಣಸು ಒತ್ತಿದೋರಿಗೆ ಮಾತ್ರ ಕಾಳುಮೆಣಸಿನ ಪ್ರಶ್ನೆ, ಯಾಲಕ್ಕಿ ಒತ್ತಿದೋರಿಗೆ ಯಾಲಕ್ಕಿದು, ಎರಡೂ ಒತ್ತಿದೋರಿಗೆ ಎರಡೂ. ತೋಟದಲ್ಲಿ ನಾಲ್ಕು ಬೆಳೆ ಒಟ್ಟಿಗೆ ಇರೋ ನಮ್ಮೂರಿಗೆ ಇದು ಬೇಕೇ ಬೇಕು.

ಮೀನಿನ ಮಾತು ಬಂತಲ್ಲ, ಅದ್ರಲ್ಲೇ ಇನ್ನೊಂದು. ಯಾಂತ್ರಿಕ ದೋಣಿಗಳಿಗೆ ನಮ್ಮ ಕರಾವಳೀಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ಬಂದ್. ಬೇಸಿಗೇಲಿ ಮಾಡಿದ ಫಾರ್ಮನ್ನ ಹಾಗೇ ಜೂನ್ ತಿಂಗ್ಳಲ್ಲೂ ಹಿಡ್ಕೊಂಡು ಹೋದ ಹುಡುಗಿಗೆ ಟ್ರಾಲರ್ ಕೆಲಸದವ್ರೊಬ್ರು "ದೋಣಿ ದಡಕ್ಕೆ ಎಳೆದಿಟ್ಟಿದ್ದು ಕಾಣ್ತಾ ಇಲ್ವಾ ಬಾಯಿ, ಮೀನು ಎಲ್ಲಿಂದ ಬರೆಸ್ಲಿ" ಅಂದ್ರಂತೆ. ಪ್ರಶ್ನೆ ರಿಕ್ವೈರ್ಡ್, ‘ಸಮುದ್ರಕ್ಕೆ ಹೋಗಿಲ್ಲ’ ಅನ್ನೋ ಆಯ್ಕೆ ಇಲ್ಲ, ಅವಳು ‘ಯಾವುದೂ ಇಲ್ಲ’ ಒತ್ತಿ ಬಂದ್ಲು. ಸಮುದ್ರಕ್ಕೆ ಹೋಗಿ ಬರಿಗೈಲಿ ಬರೋದೂ, ಹೋಗದೇ ಇರೋದೂ ಒಂದೇ ಏನು? ಶೀಟ್‌ನಲ್ಲಿ ಒಂದೇ ಆಗೋಯ್ತು. ದೋಣಿ ಯಾವ ಥರದ್ದು ಅಂತ ಮೊದ್ಲು ಕೇಳಿ, ಆ ವಾರ ಹೋಗಿದ್ರಾ ಅಂತ ಆಮೇಲೆ ಕೇಳಿ, ಹೋದೋರಿಗೆ ಮಾತ್ರ ಮೀನಿನ ಪಟ್ಟಿ ತೋರಿಸಿದ್ರೆ ಅಲ್ಲಿ ಯಾವ ಎರರ್ ರೂಲೂ ಬೇಕಾಗಲ್ಲ. ಪ್ರಶ್ನೆ ಹಾರಿಸೋದಕ್ಕೂ ಎರರ್ ತೋರಿಸೋದಕ್ಕೂ ಮಧ್ಯೆ ಆಯ್ಕೆ ಬಂದ್ರೆ ನಾನು ಮೊದಲನೇದನ್ನೇ ಹಿಡೀತೀನಿ, ಉತ್ತರ ಕೊಡೋರನ್ನ ತಡೆದು ನಿಲ್ಲಿಸೋ ಪ್ರಸಂಗವೇ ಬರಲ್ಲ.

‘ಇತರೆ’ ಮತ್ತೆ ಅಲ್ಪವಿರಾಮ

‘ಇತರೆ’ ಇಡಿ, ಆದ್ರೆ ಅದ್ರಲ್ಲಿ ಬರೆದಿದ್ದನ್ನ ಪರೀಕ್ಷೆ ಮಾಡೋ ರೂಲ್ ಗೂಗಲ್‌ನಲ್ಲಿ ಇಲ್ಲ, ‘ಇತರೆ’ಯಲ್ಲಿ ಕೊಳೆರೋಗ ಅಂತಲೇ ಮತ್ತೆ ಬರೆದಿರ್ತಾರೆ, ಅದನ್ನ ಕೂತು ಸರಿ ಮಾಡ್ಬೇಕು. ಕೋಬೋದಲ್ಲಿ ‘ಆರ್ ಅದರ್’ ಅಂತ ಶಾರ್ಟ್‌ಕಟ್ ಇದೆ, ಕನ್ನಡ ಅನುವಾದ ಇರೋ ಫಾರ್ಮ್‌ಗೆ ಅದನ್ನ ಬಳಸ್ಬೇಡಿ, ಅದು ಇಂಗ್ಲಿಷಲ್ಲೇ ಕೂರತ್ತೆ. ಪಟ್ಟಿಯಲ್ಲಿ ‘ಇತರೆ’ ಅಂತ ನೀವೇ ಒಂದು ಸಾಲು ಸೇರಿಸಿ, ಅದನ್ನ ಒತ್ತಿದ್ರೆ ಮಾತ್ರ ತೆರ್ಕೊಳ್ಳೋ ಬರವಣಿಗೆ ಪ್ರಶ್ನೆ ಇಡಿ.

ಗೂಗಲ್ ಚೆಕ್‌ಬಾಕ್ಸ್‌ನ ಎಲ್ಲ ಟಿಕ್‌ಗಳೂ ಶೀಟ್‌ನಲ್ಲಿ ಒಂದೇ ಸೆಲ್‌ಗೆ ಅಲ್ಪವಿರಾಮ ಹಾಕ್ಕೊಂಡು ಬಂದು ಬೀಳ್ತವೆ. ಹಾಗಾಗಿ ಆಯ್ಕೆಯ ಹೆಸರಲ್ಲೇ ‘ರಾಶಿ, ಚಾಲಿ’ (ಅಡಿಕೆಯ ಬಗೆಗಳು) ಅಂತ ಅಲ್ಪವಿರಾಮ ಇದ್ರೆ ಬೇರೆ ಬೇರೆ ಮಾಡುವಾಗ ಒಂದು ಆಯ್ಕೆ ಎರಡಾಗಿ ಒಡೀತದೆ. ಅಡ್ಡಗೆರೆ ಹಾಕಿ ಸಾಕು. ಮೈಕ್ರೋಸಾಫ್ಟ್‌ನಲ್ಲಿ ಅದು ಅರ್ಧವಿರಾಮ. ಕೋಬೋದಲ್ಲಿ ಜನಕ್ಕೆ ಕಾಣೋ ಹೆಸರು ಬೇರೆ, ಒಳಗೆ ಉಳಿಯೋ ಕೋಡ್ ಬೇರೆ, ಆ ಕೋಡ್‌ಗಳು ಖಾಲಿ ಜಾಗದಿಂದ ಬೇರೆ ಆಗೋದ್ರಿಂದ ಕೋಡ್ ಒಳಗೆ ಸ್ಪೇಸ್ ಇರಲೇಬಾರದು. ಆಮೇಲೆ ಎಕ್ಸ್‌ಪೋರ್ಟ್ ಮಾಡುವಾಗ ಪ್ರತಿ ಆಯ್ಕೆಗೂ ಒಂದೊಂದು ಕಾಲಮ್ ತಾನೇ ಮಾಡಿ ಕೊಡತ್ತೆ, ಲೆಕ್ಕ ಹಾಕೋದು ಹಗುರ.

ಗ್ರಿಡ್, ಅಂದ್ರೆ ಸಾಲು ಕಾಲಮ್ ಪ್ರಶ್ನೆ

ಮೊದಲು, ಎರಡನೇ, ಮೂರನೇ ಅಂತ ಕ್ರಮ ಕೇಳೋಕೆ ಗೂಗಲ್‌ನ ಗ್ರಿಡ್ ಬಳಸೋರು ಹುಷಾರು. ಅದ್ರಲ್ಲಿ ಎರಡು ರೂಲ್ ಇದೆ, ಪ್ರತಿ ಸಾಲಿಗೂ ಉತ್ತರ ಬೇಕು ಅನ್ನೋದು, ಒಂದು ಕಾಲಮ್‌ಗೆ ಒಂದೇ ಉತ್ತರ ಅನ್ನೋದು. ಏಳು ತೊಂದರೆಯನ್ನ ಸಾಲಲ್ಲಿಟ್ಟು ಮೂರು ಸ್ಥಾನವನ್ನ ಕಾಲಮ್‌ನಲ್ಲಿಟ್ಟು ಎರಡೂ ರೂಲ್ ಹಾಕಿದ್ರೆ ಆ ಫಾರ್ಮ್ ಯಾರಿಂದಲೂ ಸಬ್ಮಿಟ್ ಆಗಲ್ಲ, ಏಳು ಸಾಲಿಗೂ ಉತ್ತರ ಬೇಕು ಆದ್ರೆ ಕಾಲಮ್ ಇರೋದೇ ಮೂರು. ತಿರುಗಿಸಿ ಇಡಿ: ಸಾಲಲ್ಲಿ ಮೊದಲು, ಎರಡು, ಮೂರು, ಕಾಲಮ್‌ನಲ್ಲಿ ಏಳು ತೊಂದರೆ. ಆಗ ಮೂರು ಸ್ಥಾನಕ್ಕೂ ಬೇರೆ ಬೇರೆ ಉತ್ತರವೇ ಬರತ್ತೆ. ಎರಡೇ ತೊಂದರೆ ಇರೋರಿಗೆ ಇಲ್ಲೂ ಅದೇ ಕಷ್ಟ, ಹಾಗಾಗಿ ಪ್ರತಿ ಸಾಲಿಗೂ ಬೇಕು ಅನ್ನೋದನ್ನ ಬಿಟ್ಟು ಕಾಲಮ್ ರೂಲ್ ಮಾತ್ರ ಇಡಿ. ಏಳು ಕಾಲಮ್ ಸಣ್ಣ ಫೋನ್‌ನಲ್ಲಿ ಪಕ್ಕಕ್ಕೆ ಎಳೀಬೇಕಾಗತ್ತೆ, ವಯಸ್ಸಾದೋರಿಗೆ ಆ ಕಡೆಯದು ಕಾಣೋದೇ ಇಲ್ಲ, ಲಿಂಕ್ ಕಳಿಸೋ ಸರ್ವೆಗೆ ಗ್ರಿಡ್ ಬೇಡ ಅಂತಲೇ ನನ್ನ ಅಭಿಪ್ರಾಯ.

ಎರರ್ ಮಾತು ಮತ್ತೆ ಕಳಿಸೋ ಮೊದಲಿನ ಪರೀಕ್ಷೆ

ರೂಲ್ ಎಷ್ಟು ಮುಖ್ಯವೋ ಅದು ಆಡೋ ಮಾತೂ ಅಷ್ಟೇ ಮುಖ್ಯ. ‘ತಪ್ಪು ಉತ್ತರ’ ಅಂತ ಬರೀಬೇಡಿ, ಅವ್ರ ತೋಟದ ಬಗ್ಗೆ ಅವ್ರಿಗೇ ತಪ್ಪು ಅಂತ ಹೇಳೋಕೆ ನಾವ್ಯಾರು. ‘ನಾಲ್ಕು ಟಿಕ್ ಆಗಿದೆ, ಮೂರರ ತನಕ ಇಟ್ಕೊಂಡು ಒಂದನ್ನ ತೆಗೀರಿ’ ಅಂತ ಮುಂದೆ ಏನು ಮಾಡ್ಬೇಕು ಅನ್ನೋದನ್ನ ಹೇಳಿ. ಕೋಬೋದಲ್ಲಿ ಕನ್‌ಸ್ಟ್ರೇಂಟ್ ಮೆಸೇಜ್‌ಗೂ ಭಾಷೆವಾರು ಕಾಲಮ್ ಮಾಡ್ಬಹುದು, ಪ್ರಶ್ನೆ ಕನ್ನಡದಲ್ಲಿಟ್ಟು ಎರರ್ ಇಂಗ್ಲಿಷಲ್ಲಿ ಬಿಟ್ಟ ಫಾರ್ಮ್ ಎಷ್ಟೋ ನೋಡಿದೀನಿ. ಕೋಬೋಕಲೆಕ್ಟ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಎರರ್ ಯಾವಾಗ ತೋರಿಸ್ಬೇಕು ಅನ್ನೋದೂ ಇದೆ, ಮುಂದಿನ ಪ್ರಶ್ನೆಗೆ ಸರಿಸಿದ ಕೂಡ್ಲೆ ಅಥವಾ ಫಾರ್ಮ್ ಮುಗಿಸುವಾಗ ಒಟ್ಟಿಗೆ. ಕೂಡ್ಲೆ ತೋರಿಸೋದನ್ನೇ ಇಟ್ಕೊಳ್ಳಿ, ಮನೆಯವ್ರು ಎದುರಿಗಿರುವಾಗ್ಲೇ ಕೇಳ್ಬಹುದು, ಗದ್ದೆ ದಾಟಿ ಬಂದ್ಮೇಲೆ ಎರರ್ ಗೊತ್ತಾದ್ರೆ ತಿರುಗಿ ಹೋಗೋರ್ಯಾರು.

ಹಂಗಾಗಿ ಯಾವುದು ತಗೊಳ್ಳಿ ಅಂದ್ರೆ, ಪೇಟೆಯವ್ರಿಗೆ, ವಿದ್ಯಾರ್ಥಿಗಳಿಗೆ, ಹತ್ತು ಹದಿನೈದು ಪ್ರಶ್ನೆಯ ಲಿಂಕ್ ಕಳಿಸೋಕೆ ಗೂಗಲ್ ಫಾರ್ಮ್ಸ್ ಸಾಕು, ಆಫೀಸಲ್ಲಿ ಮೊದಲೇ ಮೈಕ್ರೋಸಾಫ್ಟ್ ಇದ್ರೆ ಅದೂ ಆದೀತು. ಪ್ರಶ್ನೆ ಒಂದಕ್ಕೊಂದು ಹೆಣೆದುಕೊಂಡಿದ್ರೆ, ‘ಯಾವುದೂ ಇಲ್ಲ’ ಥರದ ಆಯ್ಕೆ ಹೆಚ್ಚಿದ್ರೆ, ನೆಟ್ ಇಲ್ಲದ ಊರಾದ್ರೆ ಕೋಬೋ ಕಲೀರಿ, ಎರಡು ದಿನ ತಲೆ ತಿನ್ನತ್ತೆ, ಆಮೇಲೆ ಕೈ ಹಿಡಿಯತ್ತೆ. ಯಾವುದೇ ಆದ್ರೂ ಕಳಿಸೋ ಮೊದ್ಲು ಬೇಕಂತಲೇ ತಪ್ಪು ತಪ್ಪು ತುಂಬಿ ನೋಡಿ: ಎಲ್ಲ ಟಿಕ್ ಹಾಕಿ, ಒಂದೂ ಹಾಕ್ದೇ ಬಿಡಿ, ‘ಯಾವುದೂ ಇಲ್ಲ’ ಜೊತೆ ಇನ್ನೊಂದು ಒತ್ತಿ, ‘ಇತರೆ’ ಖಾಲಿ ಬಿಡಿ. ಆಮೇಲೆ ಅದೇ ಫೋನನ್ನ ಪಕ್ಕದ ಮನೆ ಅತ್ತೆ ಕೈಗೆ ಕೊಟ್ಟು ಏನೂ ಹೇಳದೇ ಕೂತ್ಕೊಳ್ಳಿ, ಅವ್ರು ಯಾವ ಪ್ರಶ್ನೆ ಹತ್ರ ನಿಂತು ನಿಮ್ಮ ಮುಖ ನೋಡ್ತಾರೋ ಆ ಪ್ರಶ್ನೆಯ ರೂಲ್ ತೆಗೆದು ಮತ್ತೆ ಬರೀರಿ.